ಅಕ್ಕ ಇಳಿಸಿದ ತೂಕ

ಸಾತನೂರಿನ ನಮ್ಮ ರೇಷ್ಮೆ ಹುಳುಮನೆಯಲ್ಲಿ ಸೊಪ್ಪಿನ ಮಂಕರಿ ಹೊತ್ತು ನಿಂತಿದ್ದ ಅಕ್ಕ ಹಾಗೇ ಕುಸಿದದ್ದು ಈಗಲೂ ಕಣ್ಣ ಮುಂದೆ ಬರುತ್ತದೆ. ದೊಡ್ಡ ಸದ್ದೇನೂ ಆಗಲಿಲ್ಲ. ಚೆಲ್ಲಿದ ಸೊಪ್ಪಿನ ಮೇಲೆ ಅವಳು ಬಿದ್ದಿದ್ದಳು.

ಮೊಣಕಾಲು ನೋವು ಹೋಗಬೇಕಾದರೆ ತೂಕ ಇಳಿಸಬೇಕೆಂದು ಯಾರೋ ಹೇಳಿದ್ದರು. ಒಂದೂವರೆ ತಿಂಗಳಿಂದ ಅವಳಿಗೆ ನೀರುಮಜ್ಜಿಗೆ, ಸೌತೆಕಾಯಿ ಬಿಟ್ಟರೆ ಬೇರೆ ಊಟವಿರಲಿಲ್ಲ. ಪ್ರತಿ ಭಾನುವಾರ ಗೂಡು ತೂಗುವ ಯಂತ್ರದ ಮೇಲೆ ಅವಳನ್ನು ನಿಲ್ಲಿಸುತ್ತಿದ್ದವನು ನಾನೇ. ಮುಳ್ಳು ಇಳಿದಾಗಲೆಲ್ಲ ಚಪ್ಪಾಳೆ ತಟ್ಟುತ್ತಿದ್ದೆ, ಬಿ.ಎಸ್ಸಿ. ಓದಿದವನು.

ಕೂಡಲೇ ಆಸ್ಪತ್ರೆಗೆ ಕರೆದೊಯ್ದೆ. ಕನಕಪುರದ ಡಾಕ್ಟರಮ್ಮ ಅವಳ ನಾಡಿ ಹಿಡಿದು ನನ್ನ ಮುಖ ನೋಡಿದರು.

"ದಪ್ಪ ಇರೋರಿಗೆ ಕೊಬ್ಬು ಒಂದಿಷ್ಟು ದಿನ ಕಾಯುತ್ತೆ. ಆದ್ರೆ ಕಾಳು, ಮೊಟ್ಟೆ ಏನೂ ಇಲ್ದೆ ಇಷ್ಟು ದಿನ ಇದ್ರೆ ಸ್ನಾಯೂ ಕರಗುತ್ತೆ. ಅದರ ನೈಟ್ರೋಜನ್ ಮೂತ್ರದಲ್ಲಿ ಹೋಗುತ್ತೆ. ಹೃದಯಾನೂ ಸ್ನಾಯುವೇ ಅಲ್ವೇನಪ್ಪ?"

ನಾಲ್ಕು ದಿನ ಅಲ್ಲೇ ಇರಿಸಿಕೊಂಡು, ಸ್ವಲ್ಪಸ್ವಲ್ಪವಾಗಿ ಊಟ ಶುರುಮಾಡಿಸಿ ಕಳಿಸಿದರು. ಹದಿನೈದು ದಿನದ ನಂತರ ಒಂದಿಡೀ ದಿನದ ಮೂತ್ರ, ಆ ದಿನ ತಿಂದದ್ದರ ಪಟ್ಟಿ ತರಬೇಕು. ಸ್ನಾಯು ಕರಗುವುದು ನಿಂತಿದೆಯೇ ಎಂದು ನೋಡಬೇಕು ಎಂದರು.

ಮನೆಗೆ ಬಂದರೆ ಅಕ್ಕ ಮೊಟ್ಟೆಯ ತಟ್ಟೆ ದೂರ ತಳ್ಳಿದಳು. "ತಿರ್ಗಾ ಊದ್ಕತೀನಿ, ಬ್ಯಾಡ."

"ಅಕ್ಕ, ಹುಳಕ್ಕೆ ಸೊಪ್ಪು ಕಮ್ಮಿ ಹಾಕುದ್ರೆ ಏನಾಯ್ತದೆ?"

"ಗೂಡು ತೆಳ್ಳಗಾಯ್ತದೆ ಕಣ್ಲಾ. ಅಷ್ಟೂ ಗೊತ್ತಿಲ್ವಾ, ಓದಿರೋನು ನೀನು..." ಎಂದವಳು ಮೊಟ್ಟೆಯ ಕಡೆ ನೋಡಿದಳು. ತಟ್ಟೆ ಹತ್ತಿರಕ್ಕೆ ಎಳೆದುಕೊಂಡಳು.

ಹೇಳಿದ ದಿನ ಮೂತ್ರದ ಕ್ಯಾನನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಪಕ್ಕದಲ್ಲಿ ಅಕ್ಕ. ಕಂಡಕ್ಟರ್ ಬಗ್ಗಿ ನೋಡಿದ. "ಏನಣ್ಣೋ, ಜೇನುತುಪ್ಪನಾ? ನಮ್ಗೂ ಒಸಿ ಕೊಡಿ!"

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಕೊಡ್ಲಾ, ಪಾಪ ಕೇಳ್ತಾವ್ನೆ." ನಗು ತಡೆಯಲಾಗದೆ ಅವಳ ಮೈಯೆಲ್ಲ ಕುಲುಕುತ್ತಿತ್ತು. ಬಿದ್ದ ದಿನದಿಂದ ಅವಳು ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಸಂಜೆ ವರದಿ ಬಂತು. ಡಾಕ್ಟರಮ್ಮ ಕನ್ನಡಕ ತೆಗೆದರು. "ನೈಟ್ರೋಜನ್ ಮೂತ್ರದಲ್ಲಿ ಹೋಗ್ತಿರೋದಕ್ಕಿಂತ ಊಟದಲ್ಲಿ ಒಳಗೆ ಬರ್ತಿರೋದೇ ಜಾಸ್ತಿ. ಕರಗೋದು ನಿಂತಿದೆ. ನಾಡೀನೂ ಸರಿಯಾಗಿದೆ. ಇನ್ಮೇಲೆ ತೂಕ ಇಳಿಸೋದಾದ್ರೆ ನನ್ನನ್ನ ಕೇಳಿ, ನಿಧಾನಕ್ಕೆ."

ಅಲ್ಲಿನ ಯಂತ್ರದ ಮೇಲೆ ಅಕ್ಕ ನಿಂತಳು. ಒಂದು ಕೆ.ಜಿ. ಏರಿತ್ತು. ಚಪ್ಪಾಳೆ ತಟ್ಟಲು ಕೈ ಎತ್ತಿದೆ. ಇಳಿಯಲು ಅವಳು ಅದೇ ಕೈಯನ್ನು ಹಿಡಿದುಕೊಂಡಳು. ಹಿಡಿತ ಗಟ್ಟಿಯಾಗಿತ್ತು.