ದೊಡ್ಡ ಸೊಸೆ ಕೈ ಇಟ್ಟ ಸೈಕಲ್ಲು

ನಮ್ಮ ದೊಡ್ಡ ಸೊಸೆ ಜಗದೇವಿ ಗೋರ್ಟಾದ ಮಗಳು. ಬಸವಕಲ್ಯಾಣದ ನಮ್ಮ ಮನೆ ತುಂಬುವಾಗ ತವರಿನಿಂದ ಒಂದು ಹಿತ್ತಾಳೆ ಕೊಡ ತಂದಿದ್ದಳು. ಹುಣಸೆಹಣ್ಣು ಹಚ್ಚಿ ತಿಕ್ಕಿದಳೆಂದರೆ ಅದರ ಬೆಳಕು ಅಡಿಗೆಮನೆಯ ಗೋಡೆಗೆ ಬೀಳುತ್ತಿತ್ತು. ಕೆಲಸಕ್ಕೆ ಬೆನ್ನು ತೋರಿಸಿದವಳಲ್ಲ. ನನ್ನ ದೊಡ್ಡ ಮಗ ಬಸವಕುಮಾರ ಬಜಾರದ ಅಂಗಡಿ ಬಿಟ್ಟು ಏಳುವುದಿಲ್ಲ. ಮೋರಖಂಡಿಯ ಹೊಲ ನಡೆದಿರುವುದು ಜಗದೇವಿಯಿಂದಲೇ. ದಿನಾ ಕೂಲಿ ಹೆಣ್ಣುಮಕ್ಕಳಿಗೆ ಬುತ್ತಿ ಒಯ್ಯುವುದು, ಬರುವಾಗ ಬದನೆಕಾಯಿ, ಮೆಂತ್ಯ ತರುವುದು. ಇಂಥ ಗಟ್ಟಿಗಿತ್ತಿಗೆ ಒಂದೇ ಒಂದು ಬೇನೆ, ಅದು ನೆಗೆಣ್ಣಿ ಶೀತಲ್.

ಶೀತಲ್ ನನ್ನ ಸಣ್ಣ ಮಗ ಮಹೇಶಕುಮಾರನ ಹೆಂಡತಿ. ವಿಜಯಪುರದ ಕಡೆಯವಳು, ಹಾಸ್ಟೆಲಿನಲ್ಲಿದ್ದು ಸೈಕಲ್ ರೇಸು ಕಲಿತವಳು. ಅವಳ ಸಾಮಾನಿನಲ್ಲಿ ಭಾಂಡೆ ಪಾತ್ರೆಗಿಂತ ಗೆದ್ದ ಕಪ್‌ಗಳೇ ಹೆಚ್ಚಿದ್ದವು. ಈಗ ಹುಮನಾಬಾದ ರಸ್ತೆಯ ಒಂದು ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುತ್ತಾಳೆ. ಬಂದವರೆಲ್ಲಾ ಚಹಾ ಕುಡಿಯುತ್ತ, ನಿಮ್ಮ ಸೈಕಲ್ ಸೊಸೆ ಯಾರು ಎಂದು ಕೇಳುವರು. ಚಹಾ ತಂದಿಟ್ಟವಳು ಜಗದೇವಿ. ಹೆಸರು ಮಾತ್ರ ಶೀತಲಳದು. ಒಂದು ದಿನ ನೋಡುತ್ತೇನೆ, ಪಡಸಾಲೆಯ ಮಾಡದಲ್ಲಿ ಕಪ್‌ಗಳ ಪಕ್ಕಕ್ಕೆ ಆ ಹಿತ್ತಾಳೆ ಕೊಡ ಬಂದು ಕೂತಿದೆ. ದಿನಾ ತಿಕ್ಕುವಳು. ಶೀತಲಳ ಕಪ್‌ಗಳ ಮೇಲೆ ಧೂಳು, ಇವಳ ಕೊಡದ ಮೇಲೆ ಸೂರ್ಯ.

ಜಗದೇವಿಗೂ ಸೈಕಲ್ಲು ಬರುತ್ತಿತ್ತು ಎನ್ನುವುದು ಯಾರಿಗೂ ಗೊತ್ತಿರಲಿಲ್ಲ. ಸಣ್ಣವಳಿದ್ದಾಗ ಅಪ್ಪನ ದೊಡ್ಡ ಸೈಕಲ್ಲಿನ ಸೀಟು ಎಟುಕದೆ, ನಡುವಿನ ಸಂದಿಯಲ್ಲಿ ಕಾಲು ತೂರಿಸಿ ಹೊಡೆಯುತ್ತಿದ್ದಳಂತೆ. ಜೋಳದ ಚೀಲ ಹೇರಿಕೊಂಡು ಗಿರಣಿಗೆ ಹೋಗುತ್ತಿದ್ದಳಂತೆ. ಮೈನೆರೆದ ಮೇಲೆ ಅಪ್ಪ ಸೈಕಲ್ಲನ್ನು ಅಟ್ಟಕ್ಕೆ ಹಾಕಿದ. ಅದಕ್ಕೆ ಯಾರೂ ಕಪ್ ಕೊಡಲಿಲ್ಲ.

ನಮ್ಮ ಮನೆಯಲ್ಲಿ ನನ್ನ ಅತ್ತೆ ಸೂಗಮ್ಮ ಹಾಕಿಕೊಟ್ಟ ಒಂದು ಪದ್ಧತಿಯಿದೆ. ಒಬ್ಬ ಸೊಸೆಗೆ ಬಂದದ್ದು ಇನ್ನೊಬ್ಬಳಿಗೂ ಬರಬೇಕು. ಜೋಡಿಯಲ್ಲಿ ಮೊದಲು ಹಿರಿಯಳು ಕೈ ಇಡಬೇಕು, ಉಳಿದದ್ದು ಕಿರಿಯಳದು. ಕೈ ಇಟ್ಟವಳು ತಾನಾಗಿ ಅದಲು ಬದಲು ಕೇಳುವಂತಿಲ್ಲ. ಕಿರಿಯಳೇ ಬಾಯಿ ಬಿಟ್ಟು ಬೇಡಿದರೆ ಮಾತ್ರ ಬದಲಿ. ಸೀರೆ, ಬಳೆ, ಕಾಲುಂಗುರ ಎಲ್ಲಾ ಹೀಗೇ ನಡೆದುಬಂದವು. ಹಾಗಾಗಿ ಮಹೇಶಕುಮಾರ ಹೆಂಡತಿಗೆ ಸೈಕಲ್ ಕೊಡಿಸುತ್ತೇನೆ ಅಂದಾಗ ಜಗದೇವಿಗೂ ಒಂದು ಎಂದು ಯಾರೂ ಹೇಳಬೇಕಾಗಿ ಬರಲಿಲ್ಲ.

ಹುಮನಾಬಾದಿನ ಆರಿಫನ ಸೈಕಲ್ ಅಂಗಡಿಗೆ ನಾನು, ಸೊಸೆಯರಿಬ್ಬರು, ಮೂವರೂ ಬಸ್ಸಿನಲ್ಲಿ ಹೋದೆವು. ಹೈದರಾಬಾದಿನವರು ಹೊಡೆದು ಬಿಟ್ಟ ಎರಡು ಸೈಕಲ್ಲು ತಂದಿಟ್ಟಿದ್ದ. ಎರಡಕ್ಕೂ ಟಗರಿನ ಕೊಂಬಿನಂಥ ಹ್ಯಾಂಡಲ್ಲು. ನನ್ನ ಕಣ್ಣಿಗೆ ಎರಡೂ ಒಂದೇ.

“ಒಂದೇ ಅಲ್ರಿ ಅಮ್ಮಾ,” ಅಂದ ಆರಿಫ. “ಈ ಸಣ್ಣ ಗಾಲೀದು ಸೈಕ್ಲೋಕ್ರಾಸ್. ಕೆಸರನ್ಯಾಗ ರೇಸ್ ಹೊಡ್ಯಾದು, ಅಡ್ಡ ಏನರ ಬಂದ್ರ ಹೆಗಲ ಮ್ಯಾಲ ಹೊತ್ಕೊಂಡು ದಾಟಾದು. ಕ್ಯಾರಿಯರ್ ಕೂಡಂಗಿಲ್ಲ ಇದಕ್ಕ. ಆ ದಪ್ಪ ಗಾಲೀದು ಗ್ರಾವೆಲ್. ಕಲ್ಲು ಕಂಕರ ರಸ್ತಾ ಇರ್ಲಿ, ದೂರ ಇರ್ಲಿ, ಸಾಮಾನು ಕಟ್ಕೊಂಡು ಆರಾಮ ಹೋಗಬಹುದು.”

ಬುತ್ತಿ ಹೊರುವವಳಿಗೆ ಯಾವುದು ಎಂದು ಕುರುಡನೂ ಹೇಳುತ್ತಿದ್ದ. ಆದರೆ ಜಗದೇವಿ ಸೈಕಲ್ಲು ನೋಡುತ್ತಿರಲಿಲ್ಲ, ಶೀತಲಳ ಮುಖ ನೋಡುತ್ತಿದ್ದಳು. ಶೀತಲ್ ಆ ಸಣ್ಣ ಗಾಲಿಯದನ್ನು ಒಂದೇ ಕೈಯಲ್ಲಿ ಎತ್ತಿ ಹೆಗಲಿಗೆ ಹಾಕಿಕೊಂಡಳು. ಸ್ವಲ್ಪ ಹೊತ್ತು ಹಾಗೇ ನಿಂತಳು, ಕಣ್ಣಲ್ಲಿ ನೀರಾಡಿತು. ಕೆಳಗಿಟ್ಟಳೋ ಇಲ್ಲವೋ, ಜಗದೇವಿ ಅದರ ಸೀಟಿನ ಮೇಲೆ ಕೈ ಇಟ್ಟುಬಿಟ್ಟಳು. ಆರಿಫ ನನ್ನ ಮುಖ ನೋಡಿ ಬಿಲ್ಲು ಬರೆಯತೊಡಗಿದ.

ಮುಂದಿನದು ಕಣ್ಣಾರೆ ಕಂಡದ್ದು. ಜಗದೇವಿ ಸೀರೆ ಬಿಟ್ಟು ಪಂಜಾಬಿ ಡ್ರೆಸ್ ಹಾಕಿಕೊಂಡು, ಬುತ್ತಿಯನ್ನು ಬೆನ್ನಿಗೆ ಕಟ್ಟಿಕೊಂಡು ಹೊರಡುವಳು. ಹ್ಯಾಂಡಲ್ಲು ತಗ್ಗು, ಬಾಗಿ ಹೊಡೆಯಬೇಕು. ಬಾಗಿದರೆ ಬುತ್ತಿಯ ಬೇಳೆ ಕುತ್ತಿಗೆಗೆ ಇಳಿಯುವುದು. ಮೋರಖಂಡಿಯ ಹೊಲದ ದಾರಿಯ ಕಲ್ಲಿಗೆ ಸಣ್ಣ ಗಾಲಿ ಜಾರುವುದು. ಸಂಜೆ ಮೊಣಕಾಲಿಗೆ ಅರಿಶಿನ ಮೆತ್ತಿಕೊಂಡು ಕೂತು, ಭಾಳ ಹಗುರ ಅದ ಅತ್ತಿ, ಗಾಳಿಯಂಗ ಹೋಗ್ತದ ಎನ್ನುವಳು. ಎದುರಿಗೆ ಶೀತಲ್ ದಪ್ಪ ಗಾಲಿಯದರ ಮೇಲೆ ರವಿವಾರಕ್ಕೊಮ್ಮೆ ಮನ್ನಾಏಖೇಳ್ಳಿವರೆಗೂ ಹೋಗಿ, ಹಿಂದೆ ಹಣ್ಣಿನ ಚೀಲ ಕಟ್ಟಿಕೊಂಡು ನಗುನಗುತ್ತ ಬರುವಳು. ಆ ಚೀಲ ಇಳಿಸಿಕೊಳ್ಳುವಾಗ ಜಗದೇವಿ ಕ್ಯಾರಿಯರನ್ನು ನೋಡುತ್ತಿದ್ದ ರೀತಿ, ಹಸಿದವರು ಮತ್ತೊಬ್ಬರ ತಾಟು ನೋಡಿದ ಹಾಗೆ.

ಒಮ್ಮೆ ಜೋರಾಗಿಯೇ ಬಿದ್ದಳು. ಬುತ್ತಿ ಮಣ್ಣುಪಾಲಾಯಿತು, ಕೂಲಿಯವರು ಉಪವಾಸ ದುಡಿದರು. ಬಸವಕುಮಾರ ಸಿಟ್ಟಿಗೆದ್ದ. ಇನ್ನೊಂದು ಸಲ ಬಿದ್ದರೆ ಸೈಕಲ್ಲು ಮಾರಿ, ಹೊಲ ನೋಡಲು ಆಳು ಇಡುತ್ತೇನೆ, ನೀನು ಮನೆಯಲ್ಲಿರು ಅಂದ. ಅಪ್ಪ ಸೈಕಲ್ಲು ಹಾಕಿದ್ದ ಗೋರ್ಟಾದ ಅಟ್ಟ ಜಗದೇವಿಯ ಕಣ್ಣ ಮುಂದೆ ಬಂದಿರಬೇಕು. ಆದರೂ ಕೈ ಇಟ್ಟವಳು ತಾನಾಗಿ ಬದಲಿ ಕೇಳುವಂತಿಲ್ಲ.

ಶೀತಲ್ ಅಂಗಳದಲ್ಲಿ ಚೈನಿಗೆ ಎಣ್ಣೆ ಬಿಡುತ್ತ ಕೂತಿದ್ದಳು. ಪಕ್ಕದಲ್ಲಿ ಕೂತು ಕೇಳಿದೆ, ಅವತ್ತು ನಿನಗೆ ಆ ಸೈಕಲ್ಲಿನ ಮೇಲೆ ಅಷ್ಟು ಆಸೆಯಿತ್ತಲ್ಲ, ಈಗಲೂ ಇದೆಯೇನು ಅಂತ.

“ನನಗೆಲ್ಲಿ ಆಸಿರಿ ಅತ್ತಿ?” ಅಂದಳು. “ಹಾಸ್ಟೆಲ್‌ನ್ಯಾಗ ನಂದು ಅಂಥಾದೇ ಇತ್ತು. ಅದರ ಮ್ಯಾಲಿಂದ ಬಿದ್ದೇ ಹೆಗಲಿನ ಎಲುಬು ಮುರೀತು, ರೇಸ್ ಮುಗೀತು. ಎತ್ತಲಿಕ್ಕ ಆಗ್ತದೋ ಇಲ್ಲೋ ಅಂತ ಒಮ್ಮಿ ಹೊತ್ತು ನೋಡಿದೆ ಅಷ್ಟೇ. ನನಗ ಮೊದಲಿಂದ ಈ ದಪ್ಪಂದೇ ಬೇಕಾಗಿತ್ತು.”

ಈ ಮಾತು ಜಗದೇವಿಯ ಕಿವಿಗೆ ಬಿದ್ದರೆ ಅವಳು ಸುರಿಸಿಕೊಂಡ ಬೇಳೆಗೆ ಅರ್ಥವೇ ಉಳಿಯುವುದಿಲ್ಲ. ಬೇಕಿಲ್ಲದಿದ್ದರೂ ಅವಳ ಸೈಕಲ್ಲನ್ನು ನೀನೇ ಬೇಡು ಅಂದೆ. ಶೀತಲ್ ತನ್ನ ದಪ್ಪ ಗಾಲಿಯ ಸೈಕಲ್ಲಿನ ಮೇಲೆ ಒಮ್ಮೆ ಕೈಯಾಡಿಸಿದಳು. ಆಮೇಲೆ ಎದ್ದು ಅಡಿಗೆಮನೆಗೆ ನಡೆದಳು. ನಾನು ಹಿಂದೆಯೇ ಹೋದೆ.

ಜಗದೇವಿ ರೊಟ್ಟಿ ಬಡಿಯುತ್ತಿದ್ದಳು.

“ಅಕ್ಕಾ, ಅವತ್ತಿಂದ ನಿನ್ನ ಸೈಕಲ್ ಮ್ಯಾಲೇ ಅದ ನನ್ನ ಕಣ್ಣು,” ಅಂದಳು ಶೀತಲ್. “ಅದು ನನಗ ಕೊಡು. ನಂದು ನೀ ತಗೋ.”

ರೊಟ್ಟಿಯ ಮೇಲಿನ ಕೈ ನಿಂತಿತು. “ಗೊತ್ತದ ನಂಗ. ನಿದ್ದಿ ಬರ್ತಿತ್ತೇನು?”

“ಎಲ್ಲಿ ಬರ್ತದ? ನೀ ಹೊಲಕ್ಕ ಹೊಂಟಾಗ ಬಾಗಲದಾಗ ನಿಂತು ನೋಡ್ತಿದ್ದೆ.”

“ಹೊಟ್ಟ್ಯಾಗ ಕಿಚ್ಚು?”

“ಭಾಳ.”

ಹಂಚಿನ ಮೇಲೆ ರೊಟ್ಟಿ ಕಪ್ಪಾಗುತ್ತಿತ್ತು, ಜಗದೇವಿಗೆ ಅದರ ಖಬರಿಲ್ಲ. ಹಬ್ಬದಂದೂ ಅವಳ ಮುಖ ಹಾಗೆ ಅರಳಿದ್ದನ್ನು ನಾನು ಕಂಡಿರಲಿಲ್ಲ. “ಸಣ್ಣಾಕಿ ಬಾಯಿಬಿಟ್ಟು ಬೇಡ್ಯಾಳ, ಇಲ್ಲ ಅನ್ನಾಕಾಗ್ತದೇನ್ರಿ ಅತ್ತಿ?” ಎಂದು ನನ್ನ ಕಡೆ ತಿರುಗಿದಳು. ಮರುಗಳಿಗೆ ಬಿಸಿ ರೊಟ್ಟಿಗೆ ಬೆಣ್ಣೆ ಹಾಕಿ ಮೊದಲು ಶೀತಲಳ ತಾಟಿಗೆ ಬಡಿಸಿದಳು.

ಆಮೇಲೆ ಬುತ್ತಿ ಕ್ಯಾರಿಯರ್ ಮೇಲೆ ಕೂತಿತು. ಬೀಳುವುದು ನಿಂತಿತು, ಬಸವಕುಮಾರನ ಆಳಿನ ಮಾತೂ ನಿಂತಿತು. ಜಗದೇವಿ ಸೀಟು ಇಳಿಸಿಕೊಂಡಳು, ಗಂಟೆ ಹಾಕಿಸಿದಳು, ರವಿವಾರ ಅದರ ಮೇಲೆಯೇ ಗೋರ್ಟಾಕ್ಕೆ ಹೋಗಿ ಅಪ್ಪನ ಅಂಗಳದಲ್ಲಿ ಒಂದು ಸುತ್ತು ಹೊಡೆದು ಬಂದಳು.

ಅವಳು ಹೊರಟಾಗ ಶೀತಲ್ ಬಾಗಿಲಲ್ಲಿ ನಿಲ್ಲತೊಡಗಿದಳು. “ಅಕ್ಕ ಗೇರ್ ಖರಾಬ್ ಮಾಡಾಕತ್ಯಾಳ ನೋಡ್ರಿ ಅತ್ತಿ,” ಅನ್ನುವಳು. ಸಣ್ಣ ಗಾಲಿಯದು ಗೋಡೆಗೆ ಒರಗಿಕೊಂಡೇ ಇತ್ತು. ಅಂಥದ್ದರಲ್ಲಿ ಓಣಿಯ ಗಯಾಬಾಯಿ ಬಂದು ಚಹಾ ಕುಡಿಯುತ್ತ, ನಿಮ್ಮ ಸೈಕಲ್ ಸೊಸೆ ಗೋರ್ಟಾದ ರಸ್ತೆಯಲ್ಲಿ ಸಿಕ್ಕಿದ್ದಳು, ಎಷ್ಟು ಚಂದ ಹೊಡೆಯುತ್ತಾಳೆ ಅಂದಳು. ಈ ಸಲ ಚಹಾ ತಂದಿಟ್ಟವಳು ಶೀತಲ್.

ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಸಪ್ಪಳವಾಯಿತೆಂದು ಹೋಗಿ ನೋಡಿದೆ. ಶೀತಲ್ ತನ್ನ ಕಪ್‌ಗಳನ್ನೆಲ್ಲಾ ಮುಂದೆ ಹರಡಿಕೊಂಡು, ಜಗದೇವಿಯ ಡಬ್ಬಿಯಿಂದ ಹುಣಸೆಹಣ್ಣು ತೆಗೆದು, ಒಂದೊಂದನ್ನೇ ತಿಕ್ಕುತ್ತ ಕೂತಿದ್ದಳು.