ತಂದೆಯ ಉದ್ಯೋಗ: ರೈಟರ್

ಅರ್ಜಿ ನಮೂನೆಗಳನ್ನು ತಯಾರಿಸುವ ಮಹನೀಯರು ಯಾರೆಂದು ನನಗೆ ತಿಳಿಯದು. ಅವರಿಗೆ ಅಪ್ಪಂದಿರ ಮೇಲೆ ಏನೋ ಹಳೆಯ ಸಿಟ್ಟಿದೆ ಎಂಬುದಂತೂ ಖಂಡಿತ. ನಮ್ಮ ಹೆಸರಿಗೆ ಒಂದಿಡೀ ಸಾಲು ಬಿಡುತ್ತಾರೆ, ಮೈಮೇಲಿನ ಮಚ್ಚೆಗಳನ್ನು ವರ್ಣಿಸಲು ಎರಡು ಸಾಲು ಬಿಡುತ್ತಾರೆ, ಖಾಯಂ ವಿಳಾಸ, ತಾತ್ಕಾಲಿಕ ವಿಳಾಸಗಳಿಗೆ ಅರ್ಧ ಪುಟವನ್ನೇ ದಾನ ಮಾಡುತ್ತಾರೆ. ತಂದೆಯ ಉದ್ಯೋಗ ಎಂಬಲ್ಲಿಗೆ ಬಂದಾಗ ಮಾತ್ರ ಅವರ ಕೈ ಬಿಗಿಯಾಗುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮೆಡಿಕಲ್ ಕಾಲೇಜು ಸೇರುವಾಗ ತುಂಬಿದ ಅರ್ಜಿಯಲ್ಲಿ ಆ ಸಂಗತಿಗೆ ಇದ್ದದ್ದು ಎಂಟೇ ಎಂಟು ಪುಟ್ಟ ಚೌಕಗಳು, ಚೌಕಕ್ಕೊಂದರಂತೆ ಎಂಟು ಇಂಗ್ಲಿಷ್ ಅಕ್ಷರಗಳು. ನನ್ನ ಅಪ್ಪ ಎಸ್ಟೇಟ್ ರೈಟರ್. ಎಸ್ಟೇಟೂ ರೈಟರೂ ಒಟ್ಟಿಗೆ ಅಲ್ಲಿ ಹಿಡಿಸುವುದಿಲ್ಲವೆಂದು ಕಂಡು, ಎಸ್ಟೇಟನ್ನು ಹೊರಗೇ ನಿಲ್ಲಿಸಿ, ರೈಟರನ್ನು ಮಾತ್ರ ಒಳಗೆ ಕೂರಿಸಿದೆ. ಎರಡು ಚೌಕ ಖಾಲಿ ಉಳಿದವು. ಅಪ್ಪ ಆರಾಮಾಗಿ ಕಾಲು ಚಾಚಿಕೊಳ್ಳಲಿ ಎಂದು ನನಗೆ ಖುಷಿಯೇ ಆಯಿತು.

ನೀವು ಕಾಫಿ ಸೀಮೆಯವರಲ್ಲದಿದ್ದರೆ ಇಲ್ಲಿ ಒಂದು ವಿವರಣೆ ಬೇಕಾಗುತ್ತದೆ. ಬಿಳಿ ದೊರೆಗಳು ಬಿಟ್ಟುಹೋದ ಇಂಗ್ಲಿಷನ್ನು ನಮ್ಮ ಬಣಕಲ್, ಮೂಡಿಗೆರೆ ಕಡೆಯವರು ಚೆನ್ನಾಗಿ ತೊಳೆದು, ಒಣಗಿಸಿ, ನಮ್ಮ ಹದಕ್ಕೆ ತಂದುಕೊಂಡಿದ್ದೇವೆ. ಎಸ್ಟೇಟಿನಲ್ಲಿ ಮೇಸ್ತ್ರಿಯೆಂದರೆ ಕೆಲಸ ಮಾಡಿಸುವವನು. ರೈಟರೆಂದರೆ ಕೆಲಸಕ್ಕೆ ಯಾರು ಬಂದರು, ಯಾರು ಬರಲಿಲ್ಲ ಎಂದು ಬರೆಯುವವರು. ರಕ್ತ ಹೀರುವ ಇಂಬಳಕ್ಕೆ ಹೆದರಿ ಮೊಣಕಾಲುದ್ದ ಕಾಲುಚೀಲ ತೊಟ್ಟು, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಬೆಳಗಿನ ಮಂಜಿನಲ್ಲಿ ಸ್ಟೋರಿನ ಮುಂದೆ ನಿಂತು ನಲವತ್ತು ಹೆಸರು ಕೂಗಿ ಹಾಜರಿ ಹಾಕುವ ಈ ಒಬ್ಬರನ್ನು ಬಿಟ್ಟರೆ ರೈಟರ್ ಎಂಬ ಪದಕ್ಕೆ ಬೇರೆ ಅರ್ಥವಿದೆಯೆಂದು ಹದಿನೆಂಟು ವರ್ಷ ನನಗೆ ಹೊಳೆದಿರಲಿಲ್ಲ. ಚಿಕ್ಕವಳಿದ್ದಾಗ ರೇಡಿಯೋದ ಇಂಗ್ಲಿಷ್ ವಾರ್ತೆಯಲ್ಲಿ ಯಾವುದೋ ದೊಡ್ಡ ರೈಟರಿಗೆ ಬಹುಮಾನ ಬಂದ ಸುದ್ದಿ ಕೇಳಿ, "ಅಪ್ಪಾ, ಯಾವ ಎಸ್ಟೇಟಿನವ್ರು?" ಎಂದು ಕೇಳಿದ್ದೆ. ಅಪ್ಪನೂ ಸ್ವಲ್ಪ ಯೋಚಿಸಿ, "ಅತ್ತಿಗುಂಡಿ ಕಡೆಯವ್ರಿರಬೇಕು, ಅಲ್ಲಿ ದೊಡ್ಡ ದೊಡ್ಡ ಎಸ್ಟೇಟಿದಾವೆ" ಎಂದಿದ್ದರು.

ಡಾಕ್ಟರಾಗಬೇಕೆಂಬ ಆಸೆ ನನ್ನಲ್ಲಿ ಹೇಗೆ ಹುಟ್ಟಿತು ಎಂದರೆ, ಅದರ ಮೂಲ ಒಂದು ಜಿರಳೆ. ಮೂಡಿಗೆರೆಯಲ್ಲಿ ಪಿಯುಸಿ ಓದುವಾಗ ನಾನು ಬರೆದ ಜಿರಳೆಯ ಜೀರ್ಣಾಂಗದ ಚಿತ್ರ ನೋಡಿ ಜೀವಶಾಸ್ತ್ರದ ಮೇಷ್ಟ್ರು, "ನೀನು ಡಾಕ್ಟರಾಗ್ತೀಯ ನೋಡು" ಎಂದುಬಿಟ್ಟರು. ಜಿರಳೆಗಳ ಡಾಕ್ಟರೋ ಮನುಷ್ಯರ ಡಾಕ್ಟರೋ ಎಂದು ಅವರು ಬಿಡಿಸಿ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಪ್ರವೇಶ ಪರೀಕ್ಷೆಗೆ ಓದಿಸುವ ಹೊಣೆಯನ್ನು ಅಪ್ಪ ತಾವೇ ಹೊತ್ತುಕೊಂಡರು. ಅವರಿಗೆ ಭೌತಶಾಸ್ತ್ರವೂ ಗೊತ್ತಿರಲಿಲ್ಲ, ರಸಾಯನಶಾಸ್ತ್ರವೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಹಾಜರಿ ಹಾಕುವುದೊಂದೇ. ಬೆಳಗಿನ ಐದಕ್ಕೆ ಅಡುಗೆಮನೆಯಿಂದ "ಸುಮಿತ್ರಾ!" ಎಂದು ಕೂಗುತ್ತಿದ್ದರು. ಕಂಬಳಿಯೊಳಗಿನಿಂದಲೇ "ಇದ್ದೀನಿ" ಎನ್ನುತ್ತಿದ್ದೆ. ಮೂರು ದಿನ ನಡೆಯಿತು. ನಾಲ್ಕನೆಯ ದಿನದಿಂದ ಅವರು ಹೆಸರಿನ ಬೆನ್ನಿಗೆ "ಎಷ್ಟನೇ ಪುಟ? ಮೇಲಿಂದ ಮೂರನೇ ಸಾಲಲ್ಲಿ ಎಂತ ಉಂಟು?" ಎಂದು ಕೇಳತೊಡಗಿದರು. ಕಂಬಳಿಯೊಳಗೆ ಮೂರನೆಯ ಸಾಲು ಇರುವುದಿಲ್ಲವಾದ್ದರಿಂದ ನಾನು ಎದ್ದು ಓದಲೇಬೇಕಾಯಿತು, ಓದಿದ್ದರಿಂದ ಸೀಟೂ ಸಿಕ್ಕಿತು.

ಸೀಟು ಸಿಕ್ಕಿದ ಮರುದಿನವೇ ಮೇಸ್ತ್ರಿ ದೂಮಣ್ಣ ಪಂಚೆ ಮೇಲೆತ್ತಿ ಮಂಡಿ ತೋರಿಸಿದ. ನಾನಿನ್ನೂ ಕಾಲೇಜಿನ ಗೇಟನ್ನೇ ನೋಡಿಲ್ಲವೆಂದು ಹೇಳಿದರೆ, "ಪರ್ವಾಗಿಲ್ಲ ಡಾಕ್ಟ್ರಮ್ಮ, ಈಗ ನೋಡಿ ಇಟ್ಕೊಂಡಿರಿ, ಕಲ್ತ ಮೇಲೆ ಹೇಳಿ" ಎಂದ. ಇಷ್ಟು ವಿಶ್ವಾಸವಿಡುವ ರೋಗಿ ಮುಂದೆಂದೂ ನನಗೆ ಸಿಗಲಿಲ್ಲ.

ಕಾಲೇಜು ಇದ್ದದ್ದು ಘಟ್ಟದ ಕೆಳಗೆ, ಬೆವರು ಒರೆಸಿಕೊಳ್ಳುವುದನ್ನೇ ಒಂದು ವಿಷಯವಾಗಿ ಕಲಿಸಬಹುದಾದಂಥ ಊರಿನಲ್ಲಿ. ಹಾಸ್ಟೆಲಿನಲ್ಲಿ ನನ್ನ ಜೊತೆಗೆ ಸಿಕ್ಕವಳು ಮೂಡಿಗೆರೆಯ ನಸೀಮಾ. ಅವಳ ಅಪ್ಪನ ಗ್ಯಾರೇಜಿನಲ್ಲಿ ನಮ್ಮ ಕಡೆಯ ಜೀಪುಗಳೆಲ್ಲ ವರ್ಷಕ್ಕೊಮ್ಮೆ ಮಲಗಿ ಏಳುತ್ತಿದ್ದವು. ಅವಳ ಅರ್ಜಿಯಲ್ಲಿ ಮೆಕ್ಯಾನಿಕ್ ಎಂಬುದು ಎಂಟು ಚೌಕಕ್ಕೆ ಎಂಟಕ್ಷರವಾಗಿ ಹೇಳಿ ಮಾಡಿಸಿದಂತೆ ಕೂತಿತ್ತು. ಯಾರೂ ಅವಳನ್ನು ಏನೂ ಕೇಳಲಿಲ್ಲ. ನನ್ನನ್ನು ಕೇಳಿದರು.

ಕೇಳಿದವರು ನಮ್ಮ ಅನಾಟಮಿ ಪ್ರೊಫೆಸರು. ಅವರು ಹಗಲೆಲ್ಲ ಶರೀರವನ್ನು ಬಿಡಿಸುತ್ತಿದ್ದರು, ಬಿಡುವಿನಲ್ಲಿ ಪದ್ಯ ಕಟ್ಟುತ್ತಿದ್ದರು. ಮನುಷ್ಯನ ಇನ್ನೂರಾರು ಮೂಳೆಗಳಿಗೆ ಇನ್ನೂರಾರು ಪದ್ಯ ಬರೆಯುವ ಸಂಕಲ್ಪ ತೊಟ್ಟು, ನಾನು ಸೇರುವ ಹೊತ್ತಿಗೆ ತಲೆಯಿಂದ ಇಳಿಯುತ್ತ ಮಣಿಕಟ್ಟಿನವರೆಗೆ ಬಂದಿದ್ದರು. ಕಾಲೇಜಿನ ಕನ್ನಡ ಸಂಘಕ್ಕೆ ಅವರೇ ಅಧ್ಯಕ್ಷರು, ಅವರೇ ಕಾರ್ಯದರ್ಶಿ, ಬಹುತೇಕ ಅವರೇ ಸಭಿಕರು. ಸಾಹಿತಿಗಳ ಸಹವಾಸಕ್ಕಾಗಿ ಅಷ್ಟು ಹಸಿದಿದ್ದ ಮನುಷ್ಯನ ಕಣ್ಣಿಗೆ ನನ್ನ ಅರ್ಜಿ ಬಿತ್ತು.

"ನಿಮ್ಮ ತಂದೆ ರೈಟರಾ?" ಎಂದು ಕರೆಸಿ ಕೇಳಿದರು.

"ಹೌದು ಸರ್."

"ಎಷ್ಟು ವರ್ಷದಿಂದ ಬರೆಯುತ್ತಿದ್ದಾರೆ?"

"ಹದಿನೆಂಟು ವರ್ಷ ಸರ್. ವರ್ಷಕ್ಕೊಂದು ಪುಸ್ತಕ."

"ಹದಿನೆಂಟು ಸಂಪುಟ! ಎಲ್ಲಿ ಪ್ರಕಟವಾಗಿವೆ?"

"ಎಲ್ಲೂ ಇಲ್ಲ ಸರ್. ಸಾಹುಕಾರ್ರ ಬೀರುವಿನಲ್ಲಿ ಇಟ್ಟಿದ್ದಾರೆ."

"ಪ್ರಚಾರದ ಹಂಬಲವೇ ಇಲ್ಲದವರು," ಎಂದು ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಪಾತ್ರಗಳು ಬಹಳವೋ?"

"ಮಾಮೂಲಿಗೆ ನಲವತ್ತು ಜನ ಸರ್. ಹಣ್ಣು ಕುಯ್ಯುವಾಗ ನೂರರ ಮೇಲೆ ಹೋಗುತ್ತೆ."

ದಯವಿಟ್ಟು ನಂಬಿ, ನಾನು ಒಂದೂ ಸುಳ್ಳು ಹೇಳಲಿಲ್ಲ. ಪಾತ್ರಗಳೆಂದಾಗ ಸ್ವಲ್ಪ ಅನುಮಾನ ಬಂದದ್ದು ನಿಜ. ಆದರೆ ಘಟ್ಟದ ಕೆಳಗೆ ಆಳುಗಳಿಗೆ ಹಾಗೆನ್ನುತ್ತಾರೇನೋ ಎಂದುಕೊಂಡೆ. ರೂಮಿಗೆ ಬಂದು ನಸೀಮಾಳಿಗೆ ವರದಿ ಒಪ್ಪಿಸಿದಾಗಲೇ ನನಗೆ ಜ್ಞಾನೋದಯವಾದದ್ದು. ಅವಳು ಮಂಚದ ಮೇಲೆ ಉರುಳಾಡಿ ನಕ್ಕು, "ಎಂತ ಮಾರಾಯ್ತಿ, ಅವ್ರು ನಿಮ್ಮಪ್ಪನ್ನ ಕಾದಂಬರಿ ಬರೆಯೋವ್ರು ಅಂತ ತಿಳ್ಕೊಂಡಿದಾರೆ!" ಎಂದಳು. ನಾಳೆಯೇ ಹೋಗಿ ನಿಜ ಹೇಳುತ್ತೇನೆಂದುಕೊಂಡೆ. ಆದರೆ ನಾಳೆಯಿಂದ ಪ್ರೊಫೆಸರು ನನ್ನನ್ನು ಕಂಡಾಗಲೆಲ್ಲ ಮುಗುಳ್ನಗತೊಡಗಿದರು, ಡಿಸೆಕ್ಷನ್ ಹಾಲಿನಲ್ಲಿ ನನ್ನ ತಪ್ಪುಗಳನ್ನು ಕಲಾವಿದರ ಮಗಳ ತಪ್ಪುಗಳೆಂದು ಮನ್ನಿಸತೊಡಗಿದರು. ಹೊಸ ಊರಿನಲ್ಲಿ, ಹೊಸ ಭಾಷೆಯಂತಿದ್ದ ಆ ಓದಿನ ನಡುವೆ, ಸಾಹಿತಿಯ ಮಗಳಾಗಿರುವುದು ನನಗೂ ಹಿತವಾಗಿತ್ತು. ಇದನ್ನು ಒಪ್ಪಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

ಒಂದು ದಿನ ಅಪ್ಪನ ಕಾಗದ ಬಂತು. ಪ್ರೊಫೆಸರು ನನಗೆ ತಿಳಿಸದೆ ಅವರಿಗೇ ಪತ್ರ ಬರೆದು, ಕನ್ನಡ ಸಂಘದ ಉದ್ಘಾಟನೆಗೆ ಬಂದು ತಮ್ಮ ಬರವಣಿಗೆಯ ಅನುಭವ ಹೇಳಬೇಕೆಂದು ಕೇಳಿಕೊಂಡಿದ್ದರು. 'ನನ್ನನ್ನು ಲೇಖಕರು ಎಂದು ಬರೆದಿದ್ದಾರೆ. ರೈಟರಿಗೆ ಅಚ್ಚಗನ್ನಡದಲ್ಲಿ ಹಾಗೆನ್ನುತ್ತಾರೆಂದು ಗೊತ್ತಿರಲಿಲ್ಲ. ಡಾಕ್ಟರುಗಳಿಗೂ ನಮ್ಮ ಕೆಲಸದ ಮೇಲೆ ಇಷ್ಟು ಗೌರವವಿದೆಯಲ್ಲ. ಸಾಹುಕಾರ್ರು ರಜೆ ಕೊಟ್ಟಿದ್ದಾರೆ, ಬರುತ್ತೇನೆ' ಎಂದು ಅಪ್ಪ ಬರೆದಿದ್ದರು. ಆ ಕಾಗದದಲ್ಲಿದ್ದ ಸಂತೋಷ ನೋಡಿ ನನಗೆ ಊಟ ಸೇರಲಿಲ್ಲ. ನೂರು ಜನರ ಎದುರಿಗೆ ಅಪ್ಪ ನಗೆಪಾಟಲಾಗುತ್ತಾರೆ, ಅದಕ್ಕೆ ಕಾರಣ ನಾನು. ಬರಬೇಡಿ ಎಂದು ಬರೆಯೋಣವೆಂದರೆ ದಿನ ಉಳಿದಿರಲಿಲ್ಲ.

ಕಾರ್ಯಕ್ರಮದ ದಿನ ಬೆಳಿಗ್ಗೆ ಒಂಬತ್ತರ ಅನಾಟಮಿ ಪಾಠಕ್ಕೆ ಚಕ್ಕರ್ ಹೊಡೆದೆ. ನನ್ನ ಹಾಜರಿಯನ್ನು ನಸೀಮಾ ಗಂಟಲು ಬದಲಿಸಿ ಕೂಗುವುದೆಂದು ಒಪ್ಪಂದವಾಯಿತು. ಬಸ್‌ಸ್ಟ್ಯಾಂಡಿಗೆ ಓಡಿದೆ. ಅಪ್ಪ ಇಸ್ತ್ರಿ ಮಾಡಿದ ಬಿಳಿ ಷರ್ಟಿನಲ್ಲಿ, ಕಂಕುಳಲ್ಲಿ ಆ ವರ್ಷದ ಹಾಜರಿ ಪುಸ್ತಕ ಇಟ್ಟುಕೊಂಡು ಇಳಿದರು.

"ಅಪ್ಪಾ, ಪ್ರೋಗ್ರಾಂ ಕ್ಯಾನ್ಸಲ್ ಆಯ್ತು. ಚಿಕ್ಕಮಗಳೂರು ಬಸ್ಸು ಅಲ್ಲೇ ನಿಂತಿದೆ, ಈಗ್ಲೇ ಹೊರಟ್ರೆ ಮಧ್ಯಾಹ್ನದ ಊಟಕ್ಕೆ ಬಣಕಲ್ ಸೇರ್ಬಹುದು," ಎಂದು ಒಂದೇ ಉಸಿರಿಗೆ ಹೇಳಿ, ಆ ಬಸ್ಸಿನ ಬಾಗಿಲನ್ನೂ ತೆರೆದು ಹಿಡಿದೆ.

ಅಪ್ಪ ನನ್ನ ಮುಖವನ್ನು ಒಂದು ಕ್ಷಣ ನೋಡಿದರು. "ಹೌದಾ? ಕಾಗದ ಬರ್ದು ಕರೆದವ್ರು, ಕ್ಯಾನ್ಸಲ್ಲಾದ್ರೂ ಒಂದು ಕಾಗದ ಬರೀತಿದ್ರಲ್ಲ," ಎಂದರು. ಆಮೇಲೆ ನಿಧಾನವಾಗಿ, "ಇರ್ಲಿ ಬಿಡು, ಇಷ್ಟು ದೂರ ಬಂದಾಗಿದೆ, ಪ್ರೊಫೆಸರಿಗೊಂದು ನಮಸ್ಕಾರ ಹೇಳಿ ಹೋಗ್ತೀನಿ" ಎಂದು ನಡೆದೇಬಿಟ್ಟರು.

ಸಭೆ ತುಂಬಿತ್ತು. ಮೊದಲ ವರ್ಷದವರೆಲ್ಲ ಬರಲೇಬೇಕೆಂದು ಆಜ್ಞೆಯಾಗಿತ್ತು. ಹದಿನೆಂಟು ಸಂಪುಟ ಬರೆದೂ ಒಂದನ್ನೂ ಅಚ್ಚಿಗೆ ಕೊಡದ ಸಂಯಮಿ ಎಂದು ಪ್ರೊಫೆಸರು ಪರಿಚಯಿಸಿ ಕೂತರು. ಅಪ್ಪ ಎದ್ದು ಮೈಕಿಗೆ ನಮಸ್ಕಾರ ಮಾಡಿದರು.

"ನಾನು ರೈಟರ್. ಬಣಕಲ್ ಹತ್ರ ಎಸ್ಟೇಟಲ್ಲಿ ಆಳುಗಳ ಹಾಜರಿ ಬರೀತೀನಿ."

ಹಿಂದಿನ ಬೆಂಚಿನಿಂದ ಕಿಸಕ್ಕೆಂದು ಒಂದು ನಗು ಹೊರಟು ಮುಂದಿನ ಬೆಂಚಿನವರೆಗೂ ಹರಿದು ಬಂತು. ಪ್ರೊಫೆಸರು ಅಪ್ಪನನ್ನೂ ನೋಡಿದರು, ನನ್ನನ್ನೂ ನೋಡಿದರು. ನಾನು ನೆಲ ನೋಡಿದೆ. ಅಪ್ಪನಿಗೆ ಮಾತ್ರ ನಗು ಕೇಳಿಸಿದಂತೆ ಕಾಣಲಿಲ್ಲ. ಬರವಣಿಗೆಯ ಅನುಭವ ಹೇಳಿ ಎಂದಿದ್ದರು, ಅವರು ಹೇಳತೊಡಗಿದರು.

"ನಮ್ಮಲ್ಲಿ ಬೆಳಿಗ್ಗೆ ಮಂಜು. ಹತ್ತಡಿ ಆಚೆ ಮುಖ ಕಾಣ್ಸಲ್ಲ. ಹೆಸರು ಕೂಗಿದ್ರೆ ಮಂಜಿನೊಳಗಿಂದ 'ಇದ್ದೀನಿ' ಅಂತ ಬರುತ್ತೆ. ಒಬ್ಬನೇ ಮೂರು ಜನಕ್ಕೆ 'ಇದ್ದೀನಿ' ಅಂದ್ರೂ ಬರುತ್ತೆ. ಅದು ಬರೀ ಶಬ್ದ. ಶಬ್ದಕ್ಕೆ ಹಾಜರಿ ಕೊಡಬಾರ್ದು. ತಲೆ ಎತ್ತಿ ನೋಡಿ ಒಂದು ಪ್ರಶ್ನೆ ಕೇಳ್ಬೇಕು, ಆಮೇಲೆ ಬರೀಬೇಕು. ಬರದಿದ್ದವ್ರಿಗೆ ಕಾರಣ ಗೊತ್ತಿದ್ರೆ ಪಕ್ಕದಲ್ಲಿ ಬರೀಬೇಕು, ಗೊತ್ತಿಲ್ದಿದ್ರೆ ಖಾಲಿ ಬಿಡ್ಬೇಕು. ನಡೀದೇ ಇದ್ದದ್ದು ಬರೀಬಾರ್ದು. ಹದಿನೆಂಟು ವರ್ಷದಲ್ಲಿ ನಾನು ಒಂದೂ ಬರ್ದಿಲ್ಲ."

ನಗು ಯಾವಾಗ ನಿಂತಿತೋ ತಿಳಿಯಲಿಲ್ಲ. ಅನುಪಸ್ಥಿತರಿಗಾಗಿ ಕೂಗುವುದು ನಮ್ಮ ಕಾಲೇಜಿನಲ್ಲಿ ಶಾಸ್ತ್ರೀಯ ಸಂಗೀತದಷ್ಟು ಬೆಳೆದ ಕಲೆಯಾಗಿತ್ತು. ಮೂರು ಸ್ಥಾಯಿಗಳಲ್ಲಿ 'ಎಸ್ ಸರ್' ಎನ್ನಬಲ್ಲ ವಿದ್ವಾಂಸರು ನಮ್ಮಲ್ಲಿದ್ದರು. ಅವರೆಲ್ಲ ಈಗ ಬೆವರುತ್ತಿದ್ದರು. ಪ್ರೊಫೆಸರ ಮುಖ ಮಾತ್ರ ಬೆಳಗತೊಡಗಿತ್ತು. ಸಾಹಿತ್ಯವನ್ನು ಅವರು ಪೂರ್ತಿ ಮರೆತರು. ಅಟೆಂಡರನ್ನು ಓಡಿಸಿ ಅಂದಿನ ಬೆಳಗಿನ ಹಾಜರಿ ಪುಸ್ತಕವನ್ನು ತರಿಸಿ, "ಒಂದು ಪ್ರಾತ್ಯಕ್ಷಿಕೆ ಆಗಲಿ ಸಾರ್" ಎಂದು ಅಪ್ಪನ ಮುಂದಿಟ್ಟರು.

ಅಪ್ಪ ಕಿವಿಯಿಂದ ಪೆನ್ಸಿಲ್ ತೆಗೆದರು. ಬೆಳಿಗ್ಗೆ ಯಾವ ಮೂಳೆಯ ಪಾಠವಾಯಿತು, ಅದನ್ನು ಯಾವ ಬಣ್ಣದ ಸೀಮೆಸುಣ್ಣದಲ್ಲಿ ಬರೆದರು ಎಂದು ಪ್ರೊಫೆಸರ ಕಿವಿಯಲ್ಲಿ ಕೇಳಿಕೊಂಡರು. ಹೆಸರು ಕೂಗಿದರು, ತಲೆ ಎತ್ತಿ ನೋಡಿದರು, ಬಣ್ಣ ಕೇಳಿದರು. ಕೆಲವರು ಹಳದಿ ಎಂದರು, ಕೆಲವರು ನೀಲಿ ಎಂದರು, ಒಬ್ಬ ಪುಣ್ಯಾತ್ಮ "ಸ್ಲೈಡ್ ತೋರಿಸಿದ್ರು" ಎಂದ. ಅರವತ್ತು ಹೆಸರು ಮುಗಿಯುವಷ್ಟರಲ್ಲಿ ಹದಿನೇಳು ಜನ ಉದುರಿದ್ದರು.

ಅರವತ್ತೊಂದನೆಯದು ನಾನು. ಅಪ್ಪ ಪುಸ್ತಕ ನೋಡಿದರು. ನನ್ನ ಹೆಸರಿನ ಮುಂದೆ ಹಾಜರಿ ಬಿದ್ದಿತ್ತು. ಬಣ್ಣ ಕೇಳಲಿಲ್ಲ. "ನೀನು ಬಸ್‌ಸ್ಟ್ಯಾಂಡಲ್ಲಿ ಇದ್ದೆಯಲ್ಲೇ?" ಎಂದರು ಮೈಕಿನಲ್ಲಿ. ಸಭೆ ಚಾವಣಿ ಹಾರುವಂತೆ ನಕ್ಕಿತು. ನಸೀಮಾ ಬೆಂಚಿನ ಕೆಳಗೆ ಚಪ್ಪಲಿ ಹುಡುಕುವ ನೆಪದಲ್ಲಿ ಮಾಯವಾದಳು. ಅಪ್ಪ ಬಗ್ಗಿ ಹಾಜರಿ ಹೊಡೆದುಹಾಕಿ, ಮಿಕ್ಕವರಿಗೆ ತೆಗೆದುಕೊಂಡದ್ದಕ್ಕಿಂತ ತುಸು ಹೆಚ್ಚೇ ಹೊತ್ತು ಬರೆದು, ಅರವತ್ತೆರಡನೆಯ ಹೆಸರು ಕೂಗಿದರು. ವಂದನಾರ್ಪಣೆಯಲ್ಲಿ ಪ್ರೊಫೆಸರು, ನಮ್ಮ ಸಂಘಕ್ಕೆ ಇದೇ ಮೊದಲ ಬಾರಿಗೆ ಒಬ್ಬ ಅಪ್ಪಟ ವಾಸ್ತವವಾದಿ ಲೇಖಕರು ಬಂದಿದ್ದಾರೆ ಎಂದು ಗದ್ಗದಿತರಾದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಉದುರಿದವರೂ ಸೇರಿ.

ಅಪ್ಪ ಸಂಜೆಯ ಬಸ್ಸಿಗೆ ಹೋದರು. 

ಮರುದಿನ, ಓದಲು ತಂದಿದ್ದ ಮೂಳೆಪೆಟ್ಟಿಗೆ ಹಿಂದಿರುಗಿಸಲು ಅನಾಟಮಿ ಆಫೀಸಿಗೆ ಹೋದಾಗ ಹಾಜರಿ ಪುಸ್ತಕ ಮೇಜಿನ ಮೇಲೆ ತೆರೆದೇ ಇತ್ತು. ಉಳಿದ ಗೈರುಗಳ ಪಕ್ಕದ ಜಾಗವೆಲ್ಲ ಖಾಲಿಯಾಗಿತ್ತು. ನನ್ನ ಗೈರಿನ ಪಕ್ಕದಲ್ಲಿ ಮಾತ್ರ ಅಪ್ಪನ ದುಂಡನೆಯ ಅಕ್ಷರದಲ್ಲಿ, ಪೆನ್ಸಿಲಿನಲ್ಲಿ, ಒಂದು ಸಾಲಿತ್ತು: 'ತಂದೆಯನ್ನು ಕರೆದುಕೊಂಡು ಬರಲು ಹೋಗಿದ್ದಳು.'

ನಾನು ಅದನ್ನು ಎರಡು ಸಲ ಓದಿದೆ. ವಾಪಸು ಹೋಗುವ ಬಸ್ಸಿನ ಬಾಗಿಲನ್ನು ನಾನು ಹಿಡಿದು ನಿಂತದ್ದನ್ನು ಅವರು ಕಣ್ಣಾರೆ ನೋಡಿದ್ದರು. ಹದಿನೆಂಟು ವರ್ಷ ನಡೆದದ್ದನ್ನಷ್ಟೇ ಬರೆದ ನನ್ನ ಅಪ್ಪ, ಸಾಹಿತಿಯೆಂದು ಕರೆಸಿಕೊಂಡ ಆ ಒಂದು ದಿನ, ಒಂದೇ ಸಾಲಿನ ಕತೆ ಬರೆದುಬಿಟ್ಟಿದ್ದರು. ಅಲ್ಲೇ, ಗಾಜಿನ ಬೀರುವಿನೊಳಗಿನ ಅಸ್ಥಿಪಂಜರದ ಎದುರಿಗೆ, ನಾಚಿಕೆ ಬಿಟ್ಟು ಅತ್ತೆ. ಕಸ ಗುಡಿಸುತ್ತಿದ್ದ ಅಟೆಂಡರ್ ಪೊರಕೆ ಬದಿಗಿಟ್ಟು ಬಂದು ಪುಸ್ತಕ ಇಣುಕಿ ನೋಡಿ, "ಅಯ್ಯೋ, ಒಂದು ಆಬ್ಸೆಂಟಿಗೆ ಹೀಗೆಲ್ಲ ಅಳ್ತಾರೇನಮ್ಮ? ಕಾರಣ ಬೇರೆ ಬರ್ದಿದಾರಲ್ಲ" ಎಂದು ಸಮಾಧಾನ ಮಾಡಿದ.