ಕಂಪ್ಯೂಟರಿಗೆ ಹಚ್ಚಿದ ಕುಂಕುಮ

ಆಗೆಲ್ಲ ಮರಾಠಿ ಸೀಮೆಯ ಕೋಥರೂಡದ ನಮ್ಮ ವಸತಿ ಸೊಸೈಟಿಯಲ್ಲಿ ಯಾರ ಮನೆಗೆ ಕಂಪ್ಯೂಟರ್ ಬಂದರೂ ಅಕ್ಕಪಕ್ಕದವರು ಚಪ್ಪಲಿ ಬಿಟ್ಟು ಒಳಬಂದು, ದೇವರನ್ನು ನೋಡಿದಂತೆ ನೋಡಿಹೋಗುತ್ತಿದ್ದರು. ನಮ್ಮ ಮನೆಗೆ ಅದನ್ನು ತಂದವರು ನಿಮ್ಮ ಅಜ್ಜ. ಅವರ ಆಫೀಸಿನಲ್ಲಿ ಹಳೆಯದಾಯಿತೆಂದು ತೆಗೆದದ್ದು. ನಿಮ್ಮ ಅವ್ವ ಶೈಲಾ ಆಗ ಐದನೇ ಇಯತ್ತೆಯಲ್ಲಿದ್ದಳು.

ಆ ವರ್ಷ ಖಂಡೇನವಮಿಯ ಆಯುಧಪೂಜೆಗೆ ಅಜ್ಜ ಈಳಿಗೆ, ಕತ್ತರಿ, ಸ್ಕೂಟರುಗಳ ಜೊತೆಗೆ ಕಂಪ್ಯೂಟರಿನ ಡಬ್ಬಿಗೂ ಕುಂಕುಮ ಹಚ್ಚಿ ಚೆಂಡುಹೂವು ಇಟ್ಟರು.

"ಅಪ್ಪಾ, ಅದಕ್ಕ ಹೋಳಿಗಿನೂ ಕೊಡೂಣೇನು?" ಎಂದಳು ಶೈಲಾ.

"ಅದರ ಪಾಲಿಂದು ನಾನ ತಿಂತೀನಿ, ತಾ ಇಲ್ಲೆ."

ಶೈಲಾಳನ್ನು ಹೆಗಲ ಮೇಲೆ ಕೂಡಿಸಿಕೊಂಡು ನಗುವ ತಮ್ಮ ಫೋಟೊವನ್ನು ಅವರು ಅದರೊಳಗೆ ಹಾಕಿಸಿದ್ದರು. ಮನೆ ಬದಲಿಸುವಾಗ ಅದರ ಕಾಗದದ ಪ್ರತಿ ಕಳೆದುಹೋಗಿತ್ತು. ಮಶೀನು ಚಾಲೂ ಮಾಡಿದರೆ ಸಣ್ಣದೊಂದು ವಾದ್ಯದ ದನಿ ಬಂದು, ಪರದೆಯ ಮೇಲೆ ಆ ನಗು ಮೂಡುತ್ತಿತ್ತು.

ಆ ಚಳಿಗಾಲದಲ್ಲೇ ಅಜ್ಜ ಹೋದರು. ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಶೈಲಾ ಅಳಲಿಲ್ಲ. ಶಾಲೆಯಿಂದ ಬಂದವಳೇ ಮಶೀನು ಚಾಲೂ ಮಾಡಿ, ಶೇಂಗಾ ಉಂಡಿ ಕೈಯಲ್ಲಿ ಹಿಡಿದು ಅದರ ಮುಂದೆ ಕೂಡುವಳು.

ಒಂದು ದಿನ ಅಪ್ಪನ ಮುಖ ಇನ್ನೂ ದೊಡ್ಡದಾಗಲೆಂದು, ಪರದೆಯ ಅಳತೆಯಲ್ಲಿ ಎಲ್ಲಕ್ಕಿಂತ ದೊಡ್ಡ ಅಂಕಿಯನ್ನು ಆರಿಸಿಬಿಟ್ಟಳು. ಪರದೆ ಕಪ್ಪಾಯಿತು. ಬಂದ್ ಮಾಡಿ ಮತ್ತೆ ಚಾಲೂ ಮಾಡಿದರೆ ವಾದ್ಯದ ದನಿ ಬಂತು, ಚಿತ್ರ ಬರಲಿಲ್ಲ. ಇಂಗ್ಲಿಷಿನ ಒಂದು ಸಾಲು ಮಾತ್ರ ಕತ್ತಲಲ್ಲಿ ತೇಲುತ್ತಿತ್ತು.

"ಅವ್ವಾ, ಅಪ್ಪ ಹೋದ್ರು," ಎಂದು ಆಗ ಅತ್ತಳು, ಮೊದಲ ಸಲ.

ಮರುದಿನ ರಿಪೇರಿಯವನು ಬಂದು ನೋಡಿ, "ಕಾಕೂ, ಫಾರ್ಮ್ಯಾಟ್ ಕರಾವ ಲಾಗೇಲ," ಎಂದ. ಒಳಗಿದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ತುಂಬಬೇಕಂತೆ. ಹಳ್ಳಿ ಶಾಲೆಯವಳು ನಾನು. ನನ್ನ ಮರಾಠಿ ಕಾಯಿಪಲ್ಯ ಕೊಳ್ಳುವಷ್ಟೇ. ಪರಗಂಡಸರು ಬಂದರೆ ಅಡುಗೆಮನೆಯ ಬಾಗಿಲು ದಾಟುತ್ತಿರಲಿಲ್ಲ.

"ಫೋಟೊ?" ಎಂದೆ ಅಲ್ಲಿಂದಲೇ.

"ತೋ ಪಣ ಜಾಯೀಲ." ಅದೂ ಹೋಗುತ್ತದೆ.

ಶೈಲಾ ಓಡಿಬಂದು ನನ್ನ ಸೆರಗು ಹಿಡಿದಳು. ನಾನು ಹೊರಗೆ ಬಂದು ಮಶೀನಿನ ಮುಂದೆ ನಿಂತೆ. "ನಕೋ!" ಎಂದೆ. ಬೇಡವೆಂಬ ಆ ಮಾತಿನ ಮುಂದೆ ಮರಾಠಿ ಬರಲಿಲ್ಲ. "ದನಿ ಬರ್ತದಲ್ಲಪಾ, ಒಳಗ ಜೀವ ಅದ. ಅಳಿಸಬ್ಯಾಡ," ಎಂದು ಕನ್ನಡದಲ್ಲೇ ಬೇಡಿಕೊಂಡೆ.

ಅವನಿಗೆ ಎಷ್ಟು ತಿಳಿಯಿತೋ. ನನ್ನ ಬರಿಹಣೆ ನೋಡಿ ತಲೆ ತಗ್ಗಿಸಿದ. ಮತ್ತೆ ಕೂತು, ಮಶೀನು ಶುರುವಾಗುವಾಗಲೇ ಒಂದು ಕೀಲಿ ಒತ್ತಿ ಹಿಡಿದ. ಬಣ್ಣಗೆಟ್ಟ, ಒರಟು ಪರದೆಯೊಂದು ಬಂತು. ಅದರಲ್ಲಿ ಅಂಕಿಯನ್ನು ಮೊದಲಿನಂತೆ ಚಿಕ್ಕದು ಮಾಡಿ ಇನ್ನೊಮ್ಮೆ ಚಾಲೂ ಮಾಡಿದ. ದನಿ ಬಂತು. ನಾವಿಬ್ಬರೂ ಪರದೆಯತ್ತ ಬಾಗಿದೆವು.

ಅಜ್ಜ ನಗುತ್ತಿದ್ದರು.

"ಮೊದಲಿನಷ್ಟ ಅದಾರವ್ವಾ," ಎಂದಳು ಶೈಲಾ. "ಇಷ್ಟ ಸಾಕು."

ಕೆಲವು ವರ್ಷಗಳ ಮೇಲೆ ಆ ಮಶೀನು ಪೂರ್ತಿ ಕೆಟ್ಟಿತು. ಆಗ ದನಿಯೂ ಬರಲಿಲ್ಲ, ಒಳಗಿನ ಫೋಟೊ ಯಾರಿಂದಲೂ ಹೊರತೆಗೆಯಲಾಗಲಿಲ್ಲ. ಇಂದು ನಿಮ್ಮ ಫೋನುಗಳ ತುಂಬ ಫೋಟೊಗಳಿವೆ, ಮಗಳನ್ನು ಹೊತ್ತು ನಗುವ ಅಜ್ಜ ಮಾತ್ರ ಯಾವುದರಲ್ಲಿಯೂ ಇಲ್ಲ.

ಹಳೇ ಸಾಮಾನು ಕೊಳ್ಳುವ ಭಂಗಾರದವನು ಬಂದು ಡಬ್ಬಿಯನ್ನು ಎತ್ತಿದಾಗ ಅದರ ಹಣೆಯ ಮೇಲೆ ಅಜ್ಜ ಹಚ್ಚಿದ ಕುಂಕುಮ ಇನ್ನೂ ಇತ್ತು. ಧೂಳು ಒರೆಸುವಾಗೆಲ್ಲ ಅದೊಂದನ್ನು ಬಿಟ್ಟು ಒರೆಸುತ್ತಿದ್ದೆ. ನನ್ನ ಹಣೆಯದನ್ನು ಹಿರಿಯರು ಎಂದೋ ಅಳಿಸಿದ್ದರು. ಅಜ್ಜನ ಬೆರಳಿನ ಗುರುತಿದ್ದ ಕುಂಕುಮ ಅದೊಂದೇ ಉಳಿದದ್ದು. ಅದೂ ಕೈಗಾಡಿಯ ಮೇಲೆ ಹೋಯಿತು.